ಉತ್ತರ ಕನ್ನಡದ ಸೂಪರ್‌ಹೀರೋ ಕಾಮಿಕ್ಸ್: ಐವರು ನಾಯಕರು, ನಾಲ್ವರು ಖಳರು. ಪಟ್ಟಿ ನೋಡಿ, ತಪ್ಪಿದ್ದರೆ ಹೇಳಿ

ಕಾಳಿದಂಡೆ
ನಮ್ಮ ಜಿಲ್ಲೆಯಲ್ಲೇ ಹುಟ್ಟಿ ಇಲ್ಲೇ ಹೊಡೆದಾಡುವ ಸೂಪರ್‌ಹೀರೋಗಳ ಕಾಮಿಕ್ಸ್ ಒಂದು ಕನ್ನಡದಲ್ಲಿ ತಯಾರಾಗ್ತಾ ಇದೆ. ಮೊದಲ ಸಂಚಿಕೆ 32 ಪುಟ, ಅದರಲ್ಲಿ ಕಥೆಗೆ 28. ಅಳತೆ ಕ್ರೌನ್ ಕ್ವಾರ್ಟೊ, ಅಂದ್ರೆ ಸುಮಾರು 18×24 ಸೆಂಟಿಮೀಟರ್. ಚಿತ್ರ ಶುರು ಮಾಡುವ ಮೊದಲು ಪಾತ್ರಗಳನ್ನು ಇಲ್ಲಿ ಇಡ್ತಾ ಇದ್ದೇನೆ. ಕಾಮಿಕ್ಸ್ ಗೊತ್ತಿದ್ದವರೂ ಜಿಲ್ಲೆ ಗೊತ್ತಿದ್ದವರೂ ಮುಲಾಜಿಲ್ಲದೆ ಹೇಳಿ.

ನಾಯಕರು. ಭರತಿ (ಸಮುದ್ರದ ಉಬ್ಬರ ಅಂತ ಅರ್ಥ): ದೇವಬಾಗದ ಹುಡುಗಿ, ಕಾಳಿ ನದಿಯ ಅಳಿವೆಯ ನೀರು ಏರಿಸ್ತಾಳೆ, ಇಳಿಸ್ತಾಳೆ. ಕಗ್ಗ: ಕುಮಟೆ ಮಾಣಿಕಟ್ಟೆಯ ಗಜನಿಯವನು (ಗಜನಿ ಅಂದ್ರೆ ಅಳಿವೆ ದಂಡೆಯ ಉಪ್ಪುನೀರಿನ ಗದ್ದೆ), ಉಪ್ಪುನೀರು ತಾಗಿದರೆ ಬಲ ನೂರು ಪಟ್ಟು. ಕೊನೆಗೌಡ: ಶಿರಸಿಯಲ್ಲಿ ಅಡಿಕೆ ಕೊನೆ ಕೊಯ್ಯುವವನು, ಅಡಿಕೆ ಮರದಿಂದ ಮರಕ್ಕೆ ಹಾರ್ತಾನೆ. ದೀಪ: ಕಾರವಾರದ ದೀಪಸ್ತಂಭದಲ್ಲಿ ಬೆಳೆದವನು, ಕಣ್ಣಿಂದ ಬೆಳಕಿನ ಕಿರಣ ಬಿಡ್ತಾನೆ. ಡಮಾಮಿ: ಯಲ್ಲಾಪುರದ ಸಿದ್ದಿ (ಆಫ್ರಿಕಾ ಮೂಲದ ಸಮುದಾಯ) ಯುವಕ, ಆನೆ ಬಲ. ಇವರಿಗೆಲ್ಲ ಗುರು ಒಬ್ಬರು ನಿವೃತ್ತ ಅಕ್ಕೋರು, ಅಂದ್ರೆ ಶಾಲೆಯ ಟೀಚರ್.

ಖಳರು. ಸಮುದ್ರಾಸುರ: ಜಗತ್ತನ್ನೇ ಮುಳುಗಿಸಬೇಕು ಅಂತಾನೆ. ಮರಳುಗಳ್ಳ. ಕೊಳೆ: ಅಡಿಕೆಗೆ ರೋಗ ಹರಡುವವ. ಕೊನೆಯವನು ಒಬ್ಬ ಯಂತ್ರಮಾನವ.

ಮಾದರಿ ಅಮೆರಿಕದ ಮಾರ್ವೆಲ್ ಕಾಮಿಕ್ಸ್‌ನ ಸೂಪರ್‌ಹೀರೋ ತಂಡ ಎಕ್ಸ್-ಮೆನ್, ಅದರ ಮೂಲ ತಂಡದ್ದು. ವುಲ್ವರಿನ್, ಸ್ಟಾರ್ಮ್ ಇವರೆಲ್ಲ ಬೇರೆ ಬೇರೆ ಕಡೆಯಿಂದ ಬಂದು ಒಂದಾದ ಹಾಗೆ.

ಹಳೆಸಂಚಿಕೆ
ಮೊದಲು ಒಂದು ತಿದ್ದುಪಡಿ. ವುಲ್ವರಿನ್, ಸ್ಟಾರ್ಮ್ ಮೂಲ ತಂಡದವರಲ್ಲ. 1963ರ ಸೆಪ್ಟೆಂಬರ್ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಜ್ಯಾಕ್ ಕರ್ಬಿ ಕೊಟ್ಟ ಐವರು ಸೈಕ್ಲಾಪ್ಸ್, ಬೀಸ್ಟ್, ಏಂಜೆಲ್, ಐಸ್‌ಮ್ಯಾನ್, ಮಾರ್ವೆಲ್ ಗರ್ಲ್. ಮೇಲೆ ಗುರುವಾಗಿ ಗಾಲಿಕುರ್ಚಿಯ ಪ್ರೊಫೆಸರ್. ವುಲ್ವರಿನ್ 1974ರಲ್ಲಿ ಹಲ್ಕ್ ಅನ್ನೋ ಇನ್ನೊಬ್ಬ ಮಾರ್ವೆಲ್ ನಾಯಕನ ಎದುರಾಳಿಯಾಗಿ ಬಂದವನು. ಅವನು, ಸ್ಟಾರ್ಮ್, ನೈಟ್‌ಕ್ರಾಲರ್, ಕೊಲೋಸಸ್ ಈ ತಂಡಕ್ಕೆ ಸೇರಿದ್ದು 1975ರಲ್ಲಿ. ನಡುವೆ 66ನೇ ಸಂಚಿಕೆಗೆ ಹೊಸ ಕಥೆ ನಿಂತು, 67ರಿಂದ 93ರವರೆಗೆ ಹಳೆಯದನ್ನೇ ಮತ್ತೆ ಅಚ್ಚು ಹಾಕಿದ್ದರು.

ನಿಮಗೆ ಹೆಚ್ಚು ಉಪಯೋಗ ಆಗೋದು ಖಳರ ಲೆಕ್ಕ. ಮೊದಲ ಸಂಚಿಕೆಯಲ್ಲಿ ಮ್ಯಾಗ್ನೆಟೋ ಒಬ್ಬನೇ. ಎರಡರಲ್ಲಿ ವ್ಯಾನಿಷರ್, ಮೂರರಲ್ಲಿ ಬ್ಲಾಬ್. ಮ್ಯಾಗ್ನೆಟೋ ತಂಡ ಕಟ್ಟಿಕೊಂಡು ಬರೋದು ನಾಲ್ಕರಲ್ಲಿ: ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್, ಟೋಡ್, ಮಾಸ್ಟರ್‌ಮೈಂಡ್. ಜಗರ್ನಾಟ್ 12ರಲ್ಲಿ, ಸೆಂಟಿನೆಲ್ ಯಂತ್ರಗಳು 14ರಲ್ಲಿ. ನೀವು ಮೊದಲ ಸಂಚಿಕೆಗೇ ನಾಲ್ವರನ್ನು ತಂದಿದ್ದೀರಿ.

ಅಚ್ಚುಮೊಳೆ
ಪುಟದ ಲೆಕ್ಕವೂ ಅದನ್ನೇ ಹೇಳ್ತದೆ. 28 ಪುಟ, ಪುಟಕ್ಕೆ ಸರಾಸರಿ 5 ಚೌಕಟ್ಟು ಅಂದ್ರೆ 140. ಹೊಸ ಪಾತ್ರ ಓದುಗನ ತಲೆಯಲ್ಲಿ ಕೂರಬೇಕಾದ್ರೆ ಕಡಿಮೆ ಅಂದ್ರೂ 4 ಚೌಕಟ್ಟು ಬೇಕು: ಮುಖ, ದಿನದ ಕೆಲಸ, ಶಕ್ತಿ, ಆ ಶಕ್ತಿಯ ಮಿತಿ. ನಿಮ್ಮಲ್ಲಿ 10 ಜನ, ಅಲ್ಲಿಗೆ 40 ಹೋಯ್ತು. ಕೊನೆಯ ಕಾಳಗಕ್ಕೆ 6 ಪುಟ, 30 ಚೌಕಟ್ಟು. ಇಡೀ ಪುಟದ ಎರಡು ದೊಡ್ಡ ಚಿತ್ರ ಇಟ್ಟರೆ ಇನ್ನೊಂದು 8 ಕಡಿಮೆ. ಕಥೆಗೆ ಉಳಿದದ್ದು 62. ಸಾಮಾನ್ಯವಾಗಿ ಬಲಿಯಾಗೋದು ನಾಲ್ಕನೇ ಚೌಕಟ್ಟು, ಮಿತಿಯದ್ದು. ಅದಿಲ್ಲದಿದ್ರೆ ಕಾಳಗದಲ್ಲಿ ಯಾರು ಯಾಕೆ ಸೋತರು ಅಂತ ಓದುಗನಿಗೆ ತಿಳಿಯೋದೇ ಇಲ್ಲ.

1963ರ ಆ ಮೊದಲ ಕಥೆ 23 ಪುಟ. ಅದರಲ್ಲಿ ಐವರು, ಒಬ್ಬ ಗುರು, ಒಬ್ಬ ಖಳ. ಅಷ್ಟೇ.

ತೋಟಪಟ್ಟಿ
ಕೊನೆಗೌಡ ಹಾರೋದಿಲ್ಲ ಮಾರಾಯ್ರೆ. ಮರದ ತುದಿಯಲ್ಲಿದ್ದು ಮರವನ್ನೇ ತೂಗಿ, ಪಕ್ಕದ ಮರ ಕೈಗೆ ಸಿಕ್ಕಿದ ಮೇಲೆ ಇದನ್ನು ಬಿಡ್ತಾನೆ. ಎರಡು ಮರದ ನಡುವೆ ಸಾಮಾನ್ಯ ಅಂತರ 9 ಅಡಿ. ಹಾಗಾಗಿ ತೋಟದೊಳಗೆ ಅವನು ರಾಜ, ತೋಟ ಮುಗಿದು ರಸ್ತೆ ಬಂತು ಅಂದ್ರೆ ಕೆಳಗೆ ಇಳಿಯಲೇಬೇಕು. ಅದೇ ಅವನ ಮಿತಿ, ಬೇರೆ ಹುಡುಕಬೇಡಿ. ಮಳೆಗಾಲದಲ್ಲಿ ಮರ ಪಾಚಿಗಟ್ಟಿ ಜಾರ್ತದೆ, ಅದು ಎರಡನೇ ಮಿತಿ. ಸೊಂಟಕ್ಕೆ ಕತ್ತಿ, ಕಾಲಿಗೆ ತಳೆ (ಮರ ಹತ್ತುವಾಗ ಪಾದಕ್ಕೆ ಹಾಕುವ ಬಳೆ), ಹೆಗಲಿಗೆ ಹಗ್ಗ. ಈ ಮೂರು ಬರೆದರೆ ಶಿರಸಿ-ಸಿದ್ದಾಪುರದ ಯಾವ ಮಗುವೂ ಗುರುತು ಹಿಡೀತದೆ. ಗಾಳಿಗೆ ಹಾರುವ ಕೆಂಪು ಶಾಲು ಕಟ್ಟಿದರೆ ಮೊದಲ ಮರದಲ್ಲೇ ಸಿಕ್ಕಿಹಾಕ್ಕೊಳ್ತದೆ.

ಗಜನಿಬದು
ಕಗ್ಗದ ವಿಷಯ ತಿದ್ದಿಕೊಳ್ಳಿ. ಕಗ್ಗ ಭತ್ತಕ್ಕೆ ಉಪ್ಪಿನಿಂದ ಬಲ ಬರೋದಿಲ್ಲ, ಉಪ್ಪನ್ನು ತಾಳಿಕೊಳ್ತದೆ. ಎರಡಕ್ಕೂ ಬಹಳ ವ್ಯತ್ಯಾಸ. ಬಿತ್ತೋದು ಮಳೆಗಾಲದಲ್ಲಿ, ಹೊಳೆಯ ಸಿಹಿನೀರು ಬಂದು ಗದ್ದೆಯ ಉಪ್ಪು ತೆಳುವಾದಾಗ. ಆಮೇಲೆ ಕಟ್ಟೆ ಒಡೆದು ಉಪ್ಪುನೀರು ನುಗ್ಗಿದರೂ, ಗದ್ದೆ ಕೆಲವು ದಿನ ಮುಳುಗಿದರೂ ಪೈರು ಸಾಯೋದಿಲ್ಲ. ಹಾಗಾಗಿ ನಿಮ್ಮ ಹುಡುಗನ ಶಕ್ತಿ ಹೊಡೆಯೋದಲ್ಲ, ತಾಳೋದು. ಎಲ್ಲರೂ ಬಿದ್ದ ಮೇಲೂ ಕೆಸರಲ್ಲಿ ನಿಂತಿರುವವನು ಅವನು. ಚಿತ್ರಕ್ಕೂ ಅದು ಒಳ್ಳೆಯದು: ಭರತಿ ನೀರು ಏರಿಸಿದಾಗ ಉಳಿದವರು ಓಡ್ತಾರೆ, ಇವನು ಸೊಂಟದವರೆಗೆ ನೀರಲ್ಲಿ ನಿಂತು ಕಟ್ಟೆಯ ಬಾಗಿಲು ಹಿಡಿದಿರ್ತಾನೆ.

ಚೌಕಿಮನೆ
ಇದೇ ಮಾತು ಆಕಾರಕ್ಕೂ ಸಲ್ತದೆ. ಯಕ್ಷಗಾನದಲ್ಲಿ ದೂರದಿಂದ ಮುಖ ಕಾಣದಿದ್ರೂ ವೇಷ ಗೊತ್ತಾಗ್ತದಲ್ಲ, ಕೇದಗೆ ಮುಂದಲೆ ಬೇರೆ, ಮುಂಡಾಸು ಬೇರೆ, ಕಿರೀಟ ಬೇರೆ, ಬಣ್ಣದ ವೇಷ ಅಂತೂ ರಂಗಸ್ಥಳ ತುಂಬ್ತದೆ. ನಿಮ್ಮ ಐವರನ್ನೂ 2 ಸೆಂಟಿಮೀಟರ್ ಎತ್ತರಕ್ಕೆ ಬರೆದು ಪೂರ್ತಿ ಕಪ್ಪು ತುಂಬಿಸಿ ಪಕ್ಕಪಕ್ಕ ಇಡಿ. ಯಾರು ಯಾರು ಅಂತ ಗೊತ್ತಾಗದಿದ್ರೆ ವಿನ್ಯಾಸ ಆಗಿಲ್ಲ ಅಂತಲೇ ಅರ್ಥ. ಬಣ್ಣ ಹಾಕಿದ ಮೇಲೆ ಸರಿ ಹೋಗ್ತದೆ ಅಂದುಕೊಳ್ಳಬೇಡಿ.

ಹಳೆಸಂಚಿಕೆ
ಚೌಕಿಮನೆಯವರು ಹೇಳಿದ ಪರೀಕ್ಷೆಗೆ ಆ ಮೂಲ ಐವರು ಒಳ್ಳೆಯ ಉದಾಹರಣೆ. ಐವರಿಗೂ ಒಂದೇ ನೀಲಿ-ಹಳದಿ ಸಮವಸ್ತ್ರ. ಆದರೂ ಒಬ್ಬನಿಗೆ ರೆಕ್ಕೆ, ಒಬ್ಬನಿಗೆ ಅಗಲವಾದ ಪಾದ, ಒಬ್ಬನ ಕಣ್ಣಿಗೆ ಅಡ್ಡಪಟ್ಟಿ, ಒಬ್ಬ ಹಿಮದ ಮುದ್ದೆ. ಐಸ್‌ಮ್ಯಾನ್ ಮೊದಲು ಮಂಜಿನ ಬೊಂಬೆಯ ಹಾಗೇ ಇದ್ದ, ಗಾಜಿನ ಹಾಗೆ ನಯವಾದದ್ದು 8ನೇ ಸಂಚಿಕೆಯಲ್ಲಿ. ಬೇರೆ ಬೇರೆ ಉಡುಪು ಬಂದದ್ದು 1967ರಲ್ಲಿ, 39ನೇ ಸಂಚಿಕೆಯ ಹೊತ್ತಿಗೆ.

ಆ ಅಡ್ಡಪಟ್ಟಿಯ ಸೈಕ್ಲಾಪ್ಸ್ ಬಿಡೋದೂ ಕಣ್ಣಿನ ಕಿರಣವೇ, ನಿಮ್ಮ ದೀಪ ಅವನ ನಕಲು ಅಂತ ಮೊದಲ ಪುಟದಲ್ಲೇ ಹೇಳಿಬಿಡ್ತಾರೆ. ಬದಲಿಸಿ.

ಬೇಲೆಮನೆ
ಸಮುದ್ರಾಸುರ ಜಗತ್ತು ಮುಳುಗಿಸಿ ಪಡೆಯೋದೇನು? ಅದಕ್ಕೆ ಉತ್ತರ ಇಲ್ಲದಿದ್ರೆ ಅವನನ್ನು ಬಿಡೋದೇ ಮೇಲು.

ಕಾಳಿದಂಡೆ
ಕಗ್ಗ, ಕೊನೆಗೌಡ ಇಬ್ಬರದ್ದೂ ಒಪ್ಪಿದೆ, ಇವತ್ತೇ ತಿದ್ದುತ್ತೇನೆ. ಆದರೆ ಖಳನಿಗೆ ಅಷ್ಟು ದೊಡ್ಡ ಕಾರಣ ಯಾಕೆ? ಓದುವವರು 10-14 ವರ್ಷದ ಮಕ್ಕಳು. ಕೆಟ್ಟವನು ಕೆಟ್ಟವನು, ಅಷ್ಟು ಸಾಲದೇ?

ಚೌಕಿಮನೆ
ಸಾಲದು. ನಮ್ಮ ಮಕ್ಕಳು ರಾತ್ರಿಯಿಡೀ ಕೂತು ಕೌರವನ ಮಾತು ಕೇಳಿ ಬೆಳೆದವರು. ತಾಳಮದ್ದಳೆಯಲ್ಲಿ ಖಳಪಾತ್ರದ ಅರ್ಥಧಾರಿ ಎದುರಿನವನ ವಾದ ಕಡಿದು ಹಾಕಿದಾಗಲೇ ಸಭೆ ಎದ್ದು ಕೂರೋದು. ತನ್ನ ಪಕ್ಷ ತಾನು ಹೇಳಿಕೊಳ್ಳಲಾರದ ಖಳ ಇಲ್ಲಿನ ಓದುಗರಿಗೆ ಸಪ್ಪೆ.

ಹಳೆಸಂಚಿಕೆ
ಅಕ್ಕಾ, ನಿಮ್ಮ ಮಾತು ಹೌದು, ಆದರೂ ಚರಿತ್ರೆ ಸ್ವಲ್ಪ ಬೇರೆ ಹೇಳ್ತದೆ. 1963ರ ಮ್ಯಾಗ್ನೆಟೋಗೆ ಅಂಥ ಪಕ್ಷವೇನೂ ಇರಲಿಲ್ಲ. ಮನುಷ್ಯರಿಗಿಂತ ನಾವು ಮೇಲು, ಆಳಬೇಕು ಅಂತಿದ್ದ, ಸೇನೆಯ ಕ್ಷಿಪಣಿ ನೆಲೆಗೆ ನುಗ್ಗಿದ್ದ. ನಾಜಿ ಶಿಬಿರದಲ್ಲಿ ಬಾಲ್ಯ ಕಳೆದವನು ಅನ್ನೋದು ಬಂದದ್ದು 1981ರ 150ನೇ ಸಂಚಿಕೆಯಲ್ಲಿ, ಕ್ರಿಸ್ ಕ್ಲೇರ್ಮಾಂಟ್ ಬರೆಯುತ್ತಿದ್ದಾಗ. ಅವನೂ ಪ್ರೊಫೆಸರನೂ ಹಳೆಯ ಗೆಳೆಯರು ಅನ್ನೋದೂ ಆ ಕಾಲದ್ದೇ. ಅಂದ್ರೆ ಮೊದಲ 18 ವರ್ಷ ಆ ಖಳ ಬರೀ ಶಕ್ತಿ, ಬರೀ ಶಿರಸ್ತ್ರಾಣ.

ಬೇಲೆಮನೆ
ಇವತ್ತು ಜನ ನೆನಪಿಟ್ಟಿರೋದು ಆ ಹೊಸ ಮ್ಯಾಗ್ನೆಟೋನನ್ನು. ಅವರಿಗೆ 18 ವರ್ಷ ಕಾಯೋಕೆ ದೊಡ್ಡ ಕಂಪನಿ ಇತ್ತು. ಇವರ ಕೈಲಿರೋದು 28 ಪುಟ.

ಹಳೆಸಂಚಿಕೆ
ಅದು ಸರಿ. ಇನ್ನೊಂದನ್ನೂ ನೋಡಿ. ಆ ಐವರ ಶಕ್ತಿಗೆ ಕಾರಣ ಒಂದೇ, ಹುಟ್ಟಿನಿಂದ ಬಂದದ್ದು. ಪ್ರತಿಯೊಬ್ಬನಿಗೂ ಬೇರೆ ಬೇರೆ ಅಪಘಾತ, ಬೇರೆ ಬೇರೆ ಕಿರಣ ಹುಡುಕುವ ಕೆಲಸ ತಪ್ಪಿತು ಅಂತ ಲೀ ಅವರೇ ಹೇಳಿಕೊಂಡಿದ್ದಾರೆ. ಖಳನ ಶಕ್ತಿಗೂ ಅದೇ ಕಾರಣ. ಒಂದೇ ಬೇರು, ಎರಡು ದಾರಿ. ಇದು ಮೊದಲ ದಿನದಿಂದಲೂ ಇತ್ತು, ಕಥೆ ಮುಂದೆ ಬೆಳೆಯೋಕೆ ಜಾಗ ಸಿಕ್ಕಿದ್ದೂ ಅದರಿಂದಲೇ. ನಿಮ್ಮ ಪಟ್ಟಿಯಲ್ಲಿ ಒಂಬತ್ತು ಜನಕ್ಕೆ ಒಂಬತ್ತು ಕಾರಣ ಇದೆ.

ತೋಟಪಟ್ಟಿ
ಜಗರ್ನಾಟ್ ಹುಟ್ಟಿನಿಂದ ಶಕ್ತಿ ಪಡೆದವನಲ್ಲವಲ್ಲ? ಅವನದ್ದು ಮಂತ್ರದ ರತ್ನ.

ಹಳೆಸಂಚಿಕೆ
ಹೌದು, ರತ್ನದ್ದು. ಆದರೆ ಅವನು ಪ್ರೊಫೆಸರನ ಮಲತಂದೆಯ ಮಗ. ಶಕ್ತಿಯ ನಂಟಿಲ್ಲದಿದ್ರೆ ಮನೆಯ ನಂಟು. ಯಾವುದೋ ಒಂದು ನಂಟು ಇರಬೇಕು ಅನ್ನೋದೇ ನನ್ನ ಮಾತು. ಅಂದಹಾಗೆ ಆ ಹೆಸರು ಪುರಿ ಜಗನ್ನಾಥನ ರಥದಿಂದ ಇಂಗ್ಲಿಷಿಗೆ ಹೋದದ್ದು. ತೇರಿನ ಗಾಲಿ ನೋಡಿದ ಗೋಕರ್ಣದವರಿಗೆ ಆ ಪಾತ್ರದ ಗುಣ ಬಿಡಿಸಿ ಹೇಳಬೇಕಿಲ್ಲ.

ಚೌಕಿಮನೆ
12ನೇ ಸಂಚಿಕೆಯಲ್ಲಿ ಆ ಜಗರ್ನಾಟ್ ಬರುವ ರೀತಿ ನಮ್ಮ ತೆರೆ ಒಡ್ಡೋಲಗದ ಹಾಗೇ ಇದೆ. ಪ್ರೊಫೆಸರ್ ಹಳೆಯ ಕಥೆ ಹೇಳ್ತಾ ಇರ್ತಾರೆ, ಹೊರಗೆ ಒಂದೊಂದೇ ತಡೆ ಮುರಿದು ಯಾರೋ ಬರ್ತಾ ಇರ್ತಾನೆ, ಪೂರ್ತಿ ರೂಪ ಕಾಣೋದು ಕೊನೆಗೆ. ಬಣ್ಣದ ವೇಷವೂ ಹಾಗೇ ಅಲ್ವಾ? ತೆರೆಯ ಮೇಲೆ ಕಿರೀಟದ ತುದಿ, ಬದಿಯಲ್ಲಿ ಕೈ, ಅಬ್ಬರ, ಆಮೇಲೆ ತೆರೆ ಸರೀತದೆ. ನಿಮ್ಮ ಖಳನಿಗೂ ಹೀಗೆ ಮಾಡಿ: 6ನೇ ಪುಟದಲ್ಲಿ ಕೈ ಮಾತ್ರ, 10ರಲ್ಲಿ ನೀರಿನ ಮೇಲೆ ನೆರಳು, 14ರಲ್ಲಿ ಬೆನ್ನು. ಮುಖ 17ರಲ್ಲಿ, ಇಡೀ ಪುಟಕ್ಕೆ. ಆದರೆ 17 ಬಲಗಡೆಯ ಪುಟ, ಎದುರಿನ 16 ಓದುವಾಗಲೇ ಕಣ್ಣಿಗೆ ಬೀಳ್ತದೆ. ಪುಟ ತಿರುವಿದಾಗ ಕಾಣಬೇಕಾದ್ರೆ ಎಡಗಡೆಯ ಪುಟಕ್ಕೆ, ಅಂದ್ರೆ 18ಕ್ಕೆ ತಳ್ಳಿ.

ಅಚ್ಚುಮೊಳೆ
ಕಥೆಯ ಮೊದಲ ಪುಟ ಪುಸ್ತಕದ 3ನೇ ಪುಟದಿಂದ ಶುರುವಾದ್ರೂ ಎಡ-ಬಲ ಬದಲಾಗೋದಿಲ್ಲ, ಸಮಸಂಖ್ಯೆ ಎಡಕ್ಕೇ ಇರ್ತದೆ. ಆದರೆ ಮುಂದೆ ಒಂದೇ ಒಂದು ಜಾಹೀರಾತು ಪುಟ ಸೇರಿಸಿದರೂ ಎಲ್ಲ ತಿರುಗಿ ಹೋಗ್ತದೆ. ಸೇರಿಸೋದಾದ್ರೆ ಎರಡೆರಡು ಸೇರಿಸಿ. ನಡುವೆ ಪಿನ್ ಹೊಡೆಯುವ ಪುಸ್ತಕ ಆದ್ದರಿಂದ ಒಟ್ಟು ಪುಟ 4ರ ಗುಣಕದಲ್ಲೇ ಇರಬೇಕು.

ಪಾತಿದೋಣಿ
ಖಳನ ಬೇರು ಹುಡುಕ್ತಾ ಇದ್ದೀರಿ, ಅದು ಕಾಳಿಯಲ್ಲೇ ಇದೆ. ಸೂಪಾ ಅಣೆಕಟ್ಟು, ಎತ್ತರ 101 ಮೀಟರ್, ಹಳೇ ಸೂಪಾ ಊರು ಅದರ ಹಿನ್ನೀರಿನ ಅಡಿಯಲ್ಲಿದೆ. ಖಳನ ಹೆಸರು ಮುಳುಗಡೆ ಅಂತ ಇಡಿ. ಆ ಹೆಸರನ್ನು ಯಾರಿಗೂ ವಿವರಿಸಬೇಕಾಗಿಲ್ಲ. ಅವನು ಮುಳುಗಿದ ಊರಿನವನು. ನಿಮ್ಮ ಅಕ್ಕೋರೂ ಅದೇ ಊರಿನವರು, ಒಂದೇ ಶಾಲೆ. ಹೋದ ಊರು ಹೋಯ್ತು, ಉಳಿದ ನದಿಯ ಜೊತೆ ಬದುಕೋಣ ಅಂತಾರೆ ಅಕ್ಕೋರು. ನಮ್ಮ ಊರು ಮುಳುಗಿಸಿ ಬೆಳಕು ಕಂಡವರಿಗೂ ಮುಳುಗೋದು ಅಂದ್ರೇನು ಗೊತ್ತಾಗಲಿ ಅಂತಾನೆ ಅವನು. ಇಬ್ಬರದ್ದೂ ದುಃಖ ಒಂದೇ.

ಬೇಲೆಮನೆ
ಇದು ಖಳ ಅಂದ್ರೆ.

ಗಜನಿಬದು
ಹಾಗಾದ್ರೆ ಶಕ್ತಿಯ ಮೂಲವೂ ನದಿಯೇ ಆಗಲಿ, ಒಬ್ಬೊಬ್ಬರಿಗೆ ಒಂದೊಂದು. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಭಟ್ಕಳದ ಕಡೆಯ ವೆಂಕಟಾಪುರ ಹೊಳೆ. ಐದು ನದಿ, ಐವರು.

ಮುಳುಗಡೆಯ ಮಿತಿಯೂ ಇದರಲ್ಲೇ ಸಿಕ್ತದೆ. ಅವನ ಬಲ ಕಟ್ಟಿಹಾಕಿದ ನೀರಿನ ಮೇಲೆ ಮಾತ್ರ. ಕಾಳಿಗೆ ಸೂಪಾ, ಕೊಡಸಳ್ಳಿ, ಕದ್ರಾ. ಶರಾವತಿಗೆ ಲಿಂಗನಮಕ್ಕಿ, ಗೇರುಸೊಪ್ಪ. ಅಲ್ಲೆಲ್ಲ ಅವನನ್ನು ಯಾರೂ ತಡೆಯಲಾರರು. ಅಘನಾಶಿನಿಗೆ ಅಣೆಕಟ್ಟು ಇಲ್ಲ, ಅಲ್ಲಿ ಅವನು ಬರೀ ಮನುಷ್ಯ. ಕೊನೆಯ ಕಾಳಗ ಎಲ್ಲಿ ನಡೀಬೇಕು ಅನ್ನೋದೂ ತೀರ್ಮಾನ ಆಯ್ತಲ್ಲ.

ತೋಟಪಟ್ಟಿ
ಅಘನಾಶಿನಿಯನ್ನು ಕಗ್ಗನಿಗೆ ಕೊಟ್ಟುಬಿಟ್ಟರೆ ಕೊನೆಗೌಡ ಎಲ್ಲಿಗೆ ಹೋಗಬೇಕು? ಆ ಹೊಳೆ ಹುಟ್ಟೋದೇ ಶಿರಸಿಯಲ್ಲಿ, ಶಂಕರಹೊಂಡದಲ್ಲಿ.

ಗಜನಿಬದು
ಹುಟ್ಟೋದು ನಿಮ್ಮಲ್ಲಿ, ಸಮುದ್ರ ಸೇರೋದು ನಮ್ಮಲ್ಲಿ. ಕೊನೆಗೌಡನನ್ನು ಗೇರುಸೊಪ್ಪೆಗೆ ಕಳಿಸಿ, ಅಲ್ಲೂ ಅಡಿಕೆ ತೋಟ ಇದೆ, ಶರಾವತಿ ಸಿಗ್ತದೆ.

ತೋಟಪಟ್ಟಿ
ಶಿರಸಿ ಬಿಟ್ಟು ಕೊನೆಗೌಡನಾ? ಆಗೋದಿಲ್ಲ. ಮೇಲಿನ ತೋಟದ ಕಸ, ಔಷಧಿ ಎಲ್ಲ ಇಳಿದು ಬರೋದು ನಿಮ್ಮ ಗಜನಿಗೇ. ಆ ತಕರಾರು ಇಬ್ಬರ ನಡುವೆ ಇಡಿ. ಒಂದೇ ನದಿಯ ತಲೆ ಒಬ್ಬ, ಬಾಯಿ ಒಬ್ಬ. ತಂಡದೊಳಗೆ ಜಗಳ ಇಲ್ಲದಿದ್ರೆ ಮಾತುಕತೆ ಬರೆಯೋದು ಹೇಗೆ?

ಕಾಳಿದಂಡೆ
ಇಬ್ಬರನ್ನೂ ಅಘನಾಶಿನಿಗೇ ಇಡ್ತೇನೆ. ಜಗಳವನ್ನೂ ಇಡ್ತೇನೆ. ವೆಂಕಟಾಪುರ ಹೊಳೆ ಎರಡನೇ ಸಂಚಿಕೆಗೆ. ಕೊಳೆ ಅನ್ನೋ ಖಳನನ್ನು ಏನು ಮಾಡ್ಲಿ?

ತೋಟಪಟ್ಟಿ
ಕೊಳೆ ರೋಗ ಖಳ ಆಗೋದಿಲ್ಲ, ಅದಕ್ಕೆ ಮನಸ್ಸಿಲ್ಲ. ಅದನ್ನು ಸಂದರ್ಭ ಮಾಡಿ. ಜೂನ್-ಜುಲೈ, ಬಿಡದ ಮಳೆ, ಕೊನೆಗೌಡ ಎಲ್ಲರ ತೋಟಕ್ಕೂ ಬೇಕಾದವನು. 1 ಕಿಲೋ ಮೈಲುತುತ್ತ, 1 ಕಿಲೋ ಸುಣ್ಣ, 100 ಲೀಟರ್ ನೀರು, ಬೋರ್ಡೋ ದ್ರಾವಣ. ಎರಡನ್ನೂ ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು, ಸುಣ್ಣ ಕಡಿಮೆಯಾದ್ರೆ ಎಳೆ ಕಾಯಿ ಸುಡ್ತದೆ. ಕೊನೆಗೌಡನನ್ನು ಮೊದಲು ತೋರಿಸುವಾಗ ಮೈಯೆಲ್ಲ ಆ ನೀಲಿ ಕಲೆ ಇರಲಿ. ಉಡುಪಿನ ಬಣ್ಣವೂ ಅದೇ ಆಯ್ತು.

ಬೇಡ್ತಿಕಣಿವೆ
ಡಮಾಮಿ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳ್ತೇನೆ. ಸಿದ್ದಿ ಅಂದಕೂಡಲೇ ಆನೆ ಬಲ ಯಾಕೆ? ಓಟ, ಕುಸ್ತಿ, ಮೈಕಟ್ಟು ಇಷ್ಟರಲ್ಲೇ ಆ ಜನರನ್ನು ನೋಡುವ ಅಭ್ಯಾಸ ಮೊದಲೇ ಸಾಕಷ್ಟಿದೆ, ಕಾಮಿಕ್ಸ್ ಅದನ್ನೇ ದೊಡ್ಡ ಅಕ್ಷರದಲ್ಲಿ ಬರೆಯೋದು ಬೇಡ. ಡಮಾಮಿ ಅನ್ನೋದು ಅವರ ಕುಣಿತ, ವಾದ್ಯದ ಹೆಸರು. ಮನುಷ್ಯನಿಗೆ ಆ ಹೆಸರಿಡೋದು ಯಕ್ಷಗಾನ ಕಲಾವಿದನಿಗೆ ಮದ್ದಳೆ ಅಂತ ಹೆಸರಿಟ್ಟ ಹಾಗೆ.

ಸಿದ್ದಿ ಹೆಂಗಸರು ಹೊಲಿಯುವ ಕೌದಿ ನೋಡಿ. ಹಳೇ ಸೀರೆ, ಹಳೇ ಅಂಗಿಯ ತುಂಡುಗಳನ್ನು ಅಂಚಿನಿಂದ ಒಳಗೆ ಸುತ್ತುತ್ತಾ ಹೊಲೀತಾರೆ, ಗೆರೆಗೆರೆಯಾಗಿ ಓಡುವ ಹೊಲಿಗೆ ಎಲ್ಲ ಪದರಗಳನ್ನೂ ಹಿಡಿದಿಡ್ತದೆ. ಪಾತ್ರವನ್ನು ಹೆಣ್ಣು ಮಾಡಿ, ಒಡೆದದ್ದನ್ನು ಸೇರಿಸುವ ಶಕ್ತಿ ಕೊಡಿ: ಬಿರುಕುಬಿಟ್ಟ ಕಟ್ಟೆ, ಮುರಿದ ಸಂಕ (ಕಾಲುಸೇತುವೆ), ಹರಿದ ಬಲೆ. ಮಿತಿ ಏನಂದ್ರೆ ಹೊಸದನ್ನು ಸೃಷ್ಟಿಸಲಾರಳು, ತುಂಡುಗಳು ಕಣ್ಣೆದುರು ಇದ್ದರೆ ಮಾತ್ರ ಜೋಡಿಸಬಲ್ಲಳು. ಉಡುಪು ಕೌದಿಯದ್ದೇ. ಗಂಗಾವಳಿಯ ಮೇಲಿನ ಹರಿವಿಗೆ ಬೇಡ್ತಿ ಅಂತಲೇ ಹೆಸರು, ಯಲ್ಲಾಪುರದವಳಿಗೆ ಆ ನದಿ ಸರಿಯಾಗಿ ಕೂಡ್ತದೆ.

ಹಳೆಸಂಚಿಕೆ
ಬೇಡ್ತಿಕಣಿವೆಯವರ ಎಚ್ಚರಿಕೆ ಗಟ್ಟಿಯಾಗಿ ಹಿಡ್ಕೊಳ್ಳಿ. 1975ರ ಹೊಸ ತಂಡದಲ್ಲಿ ಥಂಡರ್‌ಬರ್ಡ್ ಅಂತ ಅಪಾಚೆ ಜನಾಂಗದ ಪಾತ್ರ ಇತ್ತು. ಕೊಟ್ಟದ್ದು ಬಲ, ವೇಗ, ಸಿಟ್ಟು ಇಷ್ಟೇ. ಬಲಕ್ಕೆ ಕೊಲೋಸಸ್ ಇದ್ದ, ಸಿಟ್ಟಿಗೆ ವುಲ್ವರಿನ್ ಇದ್ದ, ಇವನಿಗೆ ಮಾಡೋಕೆ ಕೆಲಸವೇ ಉಳಿಯಲಿಲ್ಲ. 95ನೇ ಸಂಚಿಕೆಯಲ್ಲೇ ಸಾಯಿಸಿದರು.

ಅಚ್ಚುಮೊಳೆ
ಕೌದಿಯ ಉಡುಪಿಗೆ ಅಚ್ಚಿನ ಕಡೆಯಿಂದ ಒಂದು ಮಾತು. ಮೈತುಂಬ 30 ತುಂಡು ಬರೆದರೆ 140 ಚೌಕಟ್ಟಿನಲ್ಲಿ ಒಂದೇ ಥರ ಬರೆಯೋಕೆ ಯಾರಿಂದಲೂ ಆಗೋದಿಲ್ಲ. ಎದೆಗೆ 4 ತುಂಡು, ತೋಳಿಗೆ ಒಂದೊಂದು, ಅಷ್ಟೇ ಇಡಿ. ಮೂರೇ ಬಣ್ಣ ಇರಲಿ. ಸಣ್ಣ ಚೌಕಟ್ಟಿನಲ್ಲಿ ಹೊಲಿಗೆಯ ಚುಕ್ಕಿ ಬೇಡ, ತುಂಬಿಹೋಗಿ ಕಲೆಯ ಹಾಗೆ ಕಾಣ್ತದೆ.

ಕಗ್ಗನ ಮೈ ಕೆಸರಿನ ಬೂದು ಅಂತ ಯೋಚನೆ ಇದ್ದರೆ ಹಲ್ಕ್‌ನ ಕಥೆ ನೆನಪಿರಲಿ. 1962ರ ಮೊದಲ ಸಂಚಿಕೆಯಲ್ಲಿ ಅವನು ಬೂದು ಬಣ್ಣದವನು. ಅಚ್ಚಿನಲ್ಲಿ ಒಂದು ಪುಟದಲ್ಲಿ ತೆಳು, ಒಂದರಲ್ಲಿ ಕಡು, ಎಲ್ಲೂ ಒಂದೇ ಥರ ಬರಲಿಲ್ಲ. ಎರಡನೇ ಸಂಚಿಕೆಯಿಂದ ಹಸಿರಾದ. ಇವತ್ತೂ ನೀಲಿ, ಕೆಂಪು, ಹಳದಿ ಮೂರು ಶಾಯಿ ಬೆರೆಸಿ ಬೂದು ಮಾಡಿದರೆ ಯಾವುದೋ ಒಂದು ಸ್ವಲ್ಪ ಹೆಚ್ಚಾಗಿ ಕಂದು ಬಣ್ಣಕ್ಕೋ ಹಸಿರಿಗೋ ತಿರುಗ್ತದೆ. ಬರೀ ಕಪ್ಪು ಶಾಯಿಯ 40 ಶೇಕಡಾ, ಬೇಕಿದ್ರೆ ಮೇಲೆ 10 ಶೇಕಡಾ ನೀಲಿ. ಮ್ಯಾಪ್ಲಿಥೋ, ಅಂದ್ರೆ ಹೊಳಪು ಲೇಪ ಇಲ್ಲದ ಕಾಗದದಲ್ಲಿ ಶಾಯಿ ಹೀರಿ ಚುಕ್ಕಿ ಹರಡ್ತದೆ, ಪರದೆ ಮೇಲೆ ಕಂಡದ್ದಕ್ಕಿಂತ ಗಾಢವಾಗಿಯೇ ಬರ್ತದೆ ಅಂತ ಲೆಕ್ಕ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ಅಚ್ಚು ಹಾಕಿಸೋದಾದ್ರೆ ಕಾಗದದ ಕಟ್ಟು ಮುಂಚೆಯೇ ಬಿಚ್ಚಬೇಡಿ. ಕಾರವಾರದ ಗಾಳಿಯಲ್ಲಿ ತೇವ ಹೀರಿ ಅಂಚು ಅಲೆಯಲೆ ಆಗ್ತದೆ, ಆಮೇಲೆ ನಾಲ್ಕು ಬಣ್ಣ ಒಂದರ ಮೇಲೊಂದು ಸರಿಯಾಗಿ ಕೂರೋದಿಲ್ಲ.

ಚೌಕಿಮನೆ
ಮುಳುಗಡೆಯ ಉಡುಪಿಗೆ ಶಿರಸಿಯ ಬೇಡರ ವೇಷ ನೋಡಿ. ಜಾತ್ರೆ ಇಲ್ಲದ ವರ್ಷದ ಹೋಳಿಯಲ್ಲಿ ಬರ್ತದಲ್ಲ, ಬೆನ್ನಿಗೆ ನವಿಲುಗರಿ, ಕೈಯಲ್ಲಿ ಕತ್ತಿ-ಗುರಾಣಿ, ಸೊಂಟಕ್ಕೆ ಕಟ್ಟಿದ ಹಗ್ಗವನ್ನು ಹಿಂದಿನಿಂದ ಜನ ಎಳೆದು ಹಿಡಿದಿರ್ತಾರೆ. ಅವನ ಅಬ್ಬರ ಗೊತ್ತಾಗೋದೇ ಆ ಹಗ್ಗದ ಬಿಗಿಯಿಂದ. ಗರಿ, ಮೀಸೆ ತೆಗೆದುಕೊಳ್ಳಬೇಡಿ, ಅದು ಅದೇ ವೇಷಕ್ಕೆ ಸಲ್ಲಬೇಕು. ಹಗ್ಗದ ಯೋಚನೆ ಮಾತ್ರ ತಗೊಳ್ಳಿ: ಮುಳುಗಡೆಯ ಮೈಯಿಂದ ಹಿಂದಕ್ಕೆ ಎರಡು ನೀರಿನ ಎಳೆ, ಸದಾ ಅಣೆಕಟ್ಟಿನ ಕಡೆಗೆ ಬಿಗಿದಿರೋದು. ಅಘನಾಶಿನಿಗೆ ಬಂದಾಗ ಆ ಎಳೆ ಸಡಿಲ ಬಿದ್ದಿರ್ತದೆ. ಒಂದಕ್ಷರ ಬರೆಯದೆ ಓದುಗನಿಗೆ ತಿಳೀತದೆ.

ಬೇಲೆಮನೆ
ವಿಷಯ ಸ್ವಲ್ಪ ಬೇರೆ. ಉಡುಪಿನ ಬಣ್ಣ ಅಂದಾಗ ಫ್ಯಾಂಟಮ್ ನೆನಪಾದ. 1936ರಲ್ಲಿ ಪತ್ರಿಕೆಯಲ್ಲಿ ಕಪ್ಪುಬಿಳುಪಿನಲ್ಲಿ ಶುರು, 1939ರ ಭಾನುವಾರದ ಬಣ್ಣದ ಪುಟದಲ್ಲಿ ನೇರಳೆ ಆದ. ಇಟಲಿಯಲ್ಲಿ ಅವನು ಕೆಂಪು, ಸ್ವೀಡನ್ನಿನಲ್ಲಿ ನೀಲಿ. ಇಂದ್ರಜಾಲ ಕಾಮಿಕ್ಸ್ 1964ರಲ್ಲಿ ಇಲ್ಲಿಗೆ ತಂದಾಗ ಅವನ ನಾಡು ಬೆಂಗಾಲಾವನ್ನು ಡೆಂಕಾಲಿ ಮಾಡಿದರು, ಬಂಗಾಳ ಅಂತ ಓದಿಕೊಳ್ಳಬಾರದು ಅಂತ. ಕನ್ನಡದಲ್ಲೂ ಬಂದಿತ್ತು.

ಅಚ್ಚುಮೊಳೆ
ಕನ್ನಡ ಅಕ್ಷರದ ವಿಷಯ ಈಗಲೇ ಇತ್ಯರ್ಥ ಮಾಡಿ, ಹೆಚ್ಚಿನವರು ಎಡವೋದು ಅಲ್ಲೇ. ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಎಲ್ಲ ದೊಡ್ಡಕ್ಷರ, ಸಾಲಿನ ಕೆಳಗೆ ಏನೂ ಇಳಿಯೋದಿಲ್ಲ, ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ನಮ್ಮಲ್ಲಿ ರಾಷ್ಟ್ರ, ಜ್ಯೋತ್ಸ್ನಾ ಇಂಥವು ಎರಡು ಒತ್ತು ಕೆಳಗಿಳಿಸ್ತವೆ. 9 ಪಾಯಿಂಟ್ ಅಕ್ಷರಕ್ಕೆ ಸಾಲಿನ ಅಂತರ 13 ಆದ್ರೂ ಇಡಿ, ಇಲ್ಲದಿದ್ರೆ ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗ್ತದೆ. 8ಕ್ಕಿಂತ ಕೆಳಗೆ ಹೋದರೆ ಒತ್ತಿನ ಹೊಟ್ಟೆ ಶಾಯಿ ತುಂಬಿ ಮುಚ್ಚಿಹೋಗ್ತದೆ. ಒಂದು ಮಾತಿನ ಗುಳ್ಳೆಗೆ 12 ಪದ, ಒಂದು ಚೌಕಟ್ಟಿಗೆ 25 ಪದ, ಅದರ ಮೇಲೆ ಬೇಡ. ಅಕ್ಷರಕ್ಕೆ ಬರೀ ಕಪ್ಪು ಶಾಯಿ. ನಾಲ್ಕು ಬಣ್ಣ ಬೆರೆಸಿದ ಕಪ್ಪು ಹಾಕಿ ಕೂದಲೆಳೆಯಷ್ಟು ಸರಿದರೂ ಓದೋಕಾಗೋದಿಲ್ಲ.

ಫೋಟೋಶಾಪ್‌ನಲ್ಲಿ ಯೂನಿಕೋಡ್ ಕನ್ನಡ ಹಾಕುವಾಗ ಒತ್ತು ಬಿಡಿಬಿಡಿಯಾಗಿ ಕಂಡರೆ ಗಾಬರಿ ಬೇಡ. ಅಕ್ಷರದ ಆಯ್ಕೆಯಲ್ಲಿ ದಕ್ಷಿಣ ಏಷ್ಯಾ ಭಾಷೆಗಳ ಎಂಜಿನ್, ಹೊಸತರಲ್ಲಿ ವರ್ಲ್ಡ್-ರೆಡಿ ಲೇಔಟ್, ಅದನ್ನು ಹಾಕಿದರೆ ಕೂಡಿಕೊಳ್ತದೆ. ಇಂಡಿಸೈನ್‌ನಲ್ಲಿ ವರ್ಲ್ಡ್-ರೆಡಿ ಪ್ಯಾರಾಗ್ರಾಫ್ ಕಂಪೋಸರ್. ಅಚ್ಚಿನ ಮನೆಗೆ ಕಳಿಸುವ ಮೊದಲು ಅಕ್ಷರಗಳನ್ನು ರೇಖೆಯಾಗಿ ಪರಿವರ್ತಿಸಿ, ಆದರೆ ತಿದ್ದುವ ಪ್ರತಿ ಬೇರೆ ಇಟ್ಟುಕೊಳ್ಳಿ. ಸುತ್ತ 3 ಮಿಲಿಮೀಟರ್ ಹೆಚ್ಚುವರಿ ಬಣ್ಣ ಬಿಡಿ. ಗುಳ್ಳೆಗಳು ಕತ್ತರಿಸುವ ಗೆರೆಯಿಂದ ಕನಿಷ್ಠ 6 ಮಿಲಿಮೀಟರ್ ಒಳಗಿರಲಿ.

ಬೇಲೆಮನೆ
ಕೂಗಾಟಕ್ಕೆ ದೊಡ್ಡಕ್ಷರ ಇಲ್ವಲ್ಲ ನಮ್ಮಲ್ಲಿ?

ಅಚ್ಚುಮೊಳೆ
ಗಾತ್ರ 12ಕ್ಕೆ ಏರಿಸಿ, ದಪ್ಪ ಮಾಡಿ, ಗುಳ್ಳೆಯ ಅಂಚು ಮುಳ್ಳುಮುಳ್ಳು ಮಾಡಿ. ಸದ್ದಿಗಂತೂ ನಮಗೆ ಬರ ಇಲ್ಲ: ಬುಳುಬುಳು, ಧಡಾರ್, ಲಟಕ್, ಸರ್ರನೆ, ದಬದಬ. ಇಂಗ್ಲಿಷ್ ಬೂಮ್, ಬ್ಯಾಂಗ್ ಎರವಲು ತರೋದು ಬೇಡ. ಸದ್ದಿನ ಅಕ್ಷರ ಕೈಯಲ್ಲೇ ಬರೀಬೇಕು, ಫಾಂಟ್ ಹಾಕಿದರೆ ಚಿತ್ರದ ಮೇಲೆ ಚೀಟಿ ಅಂಟಿಸಿದ ಹಾಗಿರ್ತದೆ.

ತೋಟಪಟ್ಟಿ
ಮಾತಿನ ಬಗ್ಗೆ ಒಂದು. ಶಿರಸಿಯವನು ಅಂತ ಕೊನೆಗೌಡನ ಬಾಯಲ್ಲಿ ಹವ್ಯಕ ಮಾತು ಹಾಕಬೇಡಿ. ತೋಟದ ಯಜಮಾನನ ಮನೆ ಬೇರೆ, ಮರ ಹತ್ತುವವನ ಮನೆ ಬೇರೆ, ಇಬ್ಬರ ಕನ್ನಡವೂ ಬೇರೆ. ಭರತಿ ಮನೆಯಲ್ಲಿ ಕೊಂಕಣಿಯಲ್ಲೇ ಮಾತಾಡೋದು ಸಹಜ. ಒಂದೆರಡು ಪದ ಸಾಕು, ಅರ್ಥ ಚಿತ್ರದಿಂದ ತಿಳೀಬೇಕು.

ಪಾತಿದೋಣಿ
ಭರತಿಯ ಕರಡು ಪುಟ ನೋಡಿದೆ. ಬೆಳಿಗ್ಗೆ 6ಕ್ಕೆ ನೀರು ಪೂರ್ತಿ ಏರಿದೆ, ಮಧ್ಯಾಹ್ನ 12ಕ್ಕೆ ಮತ್ತೆ ಪೂರ್ತಿ ಏರಿದೆ ಅಂತ ಬರೆದಿದ್ದೀರಿ. ಹಾಗಾಗೋದಿಲ್ಲ. ಒಂದು ಭರತಿಯಿಂದ ಮುಂದಿನ ಭರತಿಗೆ ಸುಮಾರು 12 ಗಂಟೆ 25 ನಿಮಿಷ. 6ಕ್ಕೆ ಏರಿದ್ದು 12 ದಾಟುವಾಗ ಪೂರ್ತಿ ಇಳಿದಿರ್ತದೆ, ಮತ್ತೆ ಏರೋದು ಸಂಜೆ ಆರೂವರೆ ಹೊತ್ತಿಗೆ. ಮರುದಿನ ಅದೇ ಬೆಳಗಿನ ಭರತಿ ಸುಮಾರು 50 ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಗೆ ನೀರು ಹೆಚ್ಚು ಏರ್ತದೆ, ಹೆಚ್ಚು ಇಳೀತದೆ, ಕಾರವಾರದಲ್ಲಿ ಎರಡು ಮೀಟರ್ ಆಸುಪಾಸು. ಅಷ್ಟಮಿ ಹೊತ್ತಿಗೆ ಏರಿಳಿತ ಕಡಿಮೆ.

ಹಾಗಾಗಿ ಅವಳು ಯಾವಾಗ ಬೇಕಾದ್ರೂ ನೀರು ಏರಿಸುವವಳಾಗೋದು ಬೇಡ. ಇದ್ದ ಭರತಿಯನ್ನು ಒಂದು ಗಂಟೆ ಮುಂಚೆ ಕರೆಯಬಲ್ಲಳು, ಇಲ್ಲ ಒಂದು ಗಂಟೆ ಹಿಡಿದು ನಿಲ್ಲಿಸಬಲ್ಲಳು, ಅಷ್ಟೇ. ಆಗ ಪ್ರತಿ ಕಾಳಗಕ್ಕೂ ಗಡಿಯಾರ ಇರ್ತದೆ.

ಹಳೆಸಂಚಿಕೆ
ಸರಿಯಾದ ದಾರಿ. ಮಾರ್ವೆಲ್ ಗರ್ಲ್‌ಗೂ ಮೊದಲು ಇದ್ದದ್ದು ವಸ್ತುಗಳನ್ನು ಮನಸ್ಸಿನಿಂದ ಸರಿಸುವ ಶಕ್ತಿ ಮಾತ್ರ, ಮನಸ್ಸು ಓದೋದು ಆಮೇಲೆ ಬಂತು. ಸಣ್ಣದಾಗಿ ಶುರು ಮಾಡಿದರೆ ಬೆಳೆಸೋಕೆ ಜಾಗ ಇರ್ತದೆ.

ಐದನೆಯವನ ಬಗ್ಗೆ ಒಂದು ಸಲಹೆ. ಕ್ವಿಕ್‌ಸಿಲ್ವರ್, ಸ್ಕಾರ್ಲೆಟ್ ವಿಚ್ ಮ್ಯಾಗ್ನೆಟೋ ಕಡೆಯಲ್ಲಿದ್ದವರು, 1965ರಲ್ಲಿ ಮಾರ್ವೆಲ್‌ನ ಇನ್ನೊಂದು ತಂಡ ಅವೆಂಜರ್ಸ್‌ನ 16ನೇ ಸಂಚಿಕೆಗೆ ನಾಯಕರ ಕಡೆ ಸೇರಿದರು. ನಿಮ್ಮ ದೀಪನನ್ನು ಮುಳುಗಡೆಯ ಕಡೆಗೆ ಇಡಿ. ಶರಾವತಿ ಹಿನ್ನೀರಿನ ಹುಡುಗ. ಊರು ಮುಳುಗಿ ವಿದ್ಯುತ್ ಬಂತು, ಹೆಸರು ದೀಪ. ಕಣ್ಣಿನ ಕಿರಣ ತೆಗೀರಿ, ಮೈಯಲ್ಲಿ ಹರಿಯುವ ಮಿಂಚು ಸಾಕು.

ಗಜನಿಬದು
ಲಿಂಗನಮಕ್ಕಿ ಹಿನ್ನೀರು ಸಾಗರದ ಕಡೆಯದ್ದು, ಜಿಲ್ಲೆ ಬೇರೆ. ಆದರೆ ನದಿ ಹೊನ್ನಾವರಕ್ಕೇ ಬಂದು ಸೇರೋದು. ನಡೀತದೆ.

ಕಾಳಿದಂಡೆ
ಪಟ್ಟಿ ಮತ್ತೆ ಬರೆದೆ. ನಾಯಕರು ನಾಲ್ವರು: ಕಾಳಿಯ ಭರತಿ, ಬೇಡ್ತಿ-ಗಂಗಾವಳಿಯ ಕೌದಿ, ಅಘನಾಶಿನಿಯ ತಲೆಗೆ ಕೊನೆಗೌಡ, ಬಾಯಿಗೆ ಕಗ್ಗ. ಖಳ ಒಬ್ಬನೇ, ಮುಳುಗಡೆ. ಅವನ ಜೊತೆ ಶರಾವತಿಯ ದೀಪ, ಕೊನೆಯ ಪುಟದಲ್ಲೂ ಯಾವ ಕಡೆ ಅಂತ ತೀರ್ಮಾನ ಆಗದವನು. ಸಮುದ್ರಾಸುರ, ಮರಳುಗಳ್ಳ, ಯಂತ್ರಮಾನವ ಮೂವರೂ ಹೋದರು. ಮುಳುಗಡೆ ಮತ್ತು ಅಕ್ಕೋರು ಎದುರುಬದುರು ಮಾತಾಡುವ ಎರಡು ಪುಟ ಸೇರಿಸಿದ್ದೇನೆ, ಹೊಡೆದಾಟ ಇಲ್ಲ, ಬರೀ ವಾದ. ಕಾಳಗ 6 ಪುಟದಿಂದ 5ಕ್ಕೆ ಇಳಿಸಿದೆ. ನಡೆಯೋದು ಮಾಣಿಕಟ್ಟೆಯ ಗಜನಿ ಕಟ್ಟೆಯ ಮೇಲೆ. 18ನೇ ಪುಟಕ್ಕೆ ಮುಳುಗಡೆಯ ಮುಖ. 22, 23ರ ಪೆನ್ಸಿಲ್ ಕರಡು ಹಾಕಿದ್ದೇನೆ, ನೋಡಿ.

ಚೌಕಿಮನೆ
ವಾದದ ಎರಡು ಪುಟದಲ್ಲಿ ಕೊನೆಯ ಮಾತು ಮುಳುಗಡೆಯದ್ದೇ ಇರಲಿ. ಅಕ್ಕೋರಿಗೆ ಅಲ್ಲಿ ಉತ್ತರ ಸಿಗಬಾರದು.

ಬೇಡ್ತಿಕಣಿವೆ
22ರಲ್ಲಿ ಕೌದಿ ಕಟ್ಟೆ ಹೊಲಿಯುವಾಗ ಮಣ್ಣಿನ ತುಂಡುಗಳು ಚೌಕಟ್ಟಿನಲ್ಲಿ ಎಲ್ಲೂ ಕಾಣ್ತಿಲ್ಲ. ಎದುರು ಇದ್ದದ್ದನ್ನು ಮಾತ್ರ ಜೋಡಿಸಬಲ್ಲಳು ಅಂತ ನಿಯಮ ಇಟ್ಟಿದ್ದೇವಲ್ಲ, ಹಿಂದಿನ ಚೌಕಟ್ಟಿನಲ್ಲೇ ತೇಲಿಬಿಡಿ.

ಪಾತಿದೋಣಿ
23ರಲ್ಲಿ ಅರ್ಧಚಂದ್ರ ಬರೆದು ಭರತಿಗೆ ಆಳೆತ್ತರದ ನೀರು ಕೊಟ್ಟಿದ್ದೀರಿ. ಅರ್ಧಚಂದ್ರ ಅಂದ್ರೆ ಅಷ್ಟಮಿ, ಅಷ್ಟು ನೀರು ಬರೋದಿಲ್ಲ. ಚಂದ್ರನನ್ನು ತುಂಬಿಸಿ, ಇಲ್ಲ ಅವಳನ್ನು ಸೋಲಿಸಿ.

ಕಾಳಿದಂಡೆ
ಸೋಲಲಿ. ಚಂದ್ರ ಅರ್ಧವೇ ಇರಲಿ, ಕಟ್ಟೆ ಹಿಡಿಯೋಕೆ ಕಗ್ಗ ಇದ್ದಾನೆ.

ಪಾತಿದೋಣಿ
ಹಾಗಾದ್ರೆ ಅದೇ ಪುಟದ ದೋಣಿಯ ಮೇಲಿನ ಹಸಿ ಗೆರೆಯನ್ನೂ ಒಂದು ಹಲಗೆ ಕೆಳಗೆ ಇಳಿಸಿ.